ಷೆಫೀಲ್ಡಿನ ಸಾಣೆಮನೆಗಳು: ಆದರ್ಶ ಕಾರ್ಯಶಾಲೆಯೊಂದರ ಇತಿಹಾಸವಿಚಾರ

ಚೂರಿಯು ಮನೆಮನೆಯಲ್ಲಿಯೂ ಇರುವ ವಸ್ತು. ಅತಿಪರಿಚಯದ ಕಾರಣದಿಂದಲೇ ಅದರ ಹುಟ್ಟನ್ನು ಕುರಿತು ಆಲೋಚಿಸುವವರು ವಿರಳ. ರಾಜರ ಖಡ್ಗಗಳಿಗೆ ಇತಿಹಾಸದಲ್ಲಿ ದೊರೆತ ಸ್ಥಾನವು ಅಡಿಗೆಮನೆಯ ಚೂರಿಗೆ, ಕ್ಷೌರಿಕನ ಕತ್ತಿಗೆ, ಲೇಖಕನ ಲೇಖನಿಯನ್ನು ಹರಿತಮಾಡಿದ ಪುಟ್ಟ ಅಲಗಿಗೆ ದೊರೆತಿಲ್ಲ. ಆದರೆ ಒಂದು ಜನಾಂಗವು ತನ್ನ ಕೆಲಸಗಾರರನ್ನು ಯಾವ ರೀತಿಯಲ್ಲಿ ಕಂಡಿತೆಂಬುದನ್ನು ಅರಿಯಲು ಅರಮನೆಯ ಆಯುಧಶಾಲೆಗಿಂತ ಚೂರಿಗಾರನ ಕಾರ್ಯಶಾಲೆಯೇ ಹೆಚ್ಚು ನೆರವಾಗುತ್ತದೆ. ಕಾರ್ಯಶಾಲೆಯಲ್ಲಿ ಯಾವ ವಸ್ತುವನ್ನು ಎಲ್ಲಿ ಇರಿಸಿದರು, ಯಾವುದಕ್ಕೆ ಮೊದಲು ಹಣ ವೆಚ್ಚಮಾಡಿದರು, ಯಾವುದನ್ನು ಕೊನೆಗೆ ತಂದರು ಎಂಬ ವಿವರಗಳಲ್ಲಿ ಆ ಸಮಾಜದ ಮೌಲ್ಯಗಳು ಅಡಗಿರುತ್ತವೆ.

ಚೂರಿಯೊಂದು ಸಿದ್ಧವಾಗಬೇಕಾದರೆ ಉಕ್ಕು ನಾಲ್ಕು ಹಂತಗಳನ್ನು ಹಾದುಬರಬೇಕು. ಮೊದಲನೆಯದು ಕುಲುಮೆಯಲ್ಲಿ ಕಾಯಿಸಿ ಬಡಿದು ಅಲಗಿನ ರೂಪ ಕೊಡುವುದು. ಎರಡನೆಯದು ಹದಗೊಳಿಸುವುದು. ಮೂರನೆಯದು ಸಾಣೆಕಲ್ಲಿನ ಮೇಲೆ ತೆಳುಗೊಳಿಸಿ ಹರಿತಮಾಡುವುದು. ನಾಲ್ಕನೆಯದು ಹಿಡಿ ಕೂಡಿಸಿ ಹೊಳಪು ಕೊಡುವುದು. ಈ ನಾಲ್ಕು ಕೆಲಸಗಳ ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿವೆ. ಕುಲುಮೆಯ ಕೋಣೆಗೆ ಮಬ್ಬುಗತ್ತಲೆ ಬೇಕು. ಏಕೆಂದರೆ ಕಾದ ಉಕ್ಕಿನ ಕೆಂಪು ಎಷ್ಟು ಏರಿದೆಯೆಂಬುದು ಪ್ರಖರವಾದ ಬಿಸಿಲಿನಲ್ಲಿ ಕಣ್ಣಿಗೆ ತಿಳಿಯದು. ಹದ ಕೊಡುವಾಗ ಅದೇ ಕಣ್ಣಿಗೆ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಒದಗುತ್ತದೆ. ಕಾದ ಅಲಗನ್ನು ನೀರಿನಲ್ಲಿಯೋ ಎಣ್ಣೆಯಲ್ಲಿಯೋ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಗಾಜಿನಂತೆಯೇ ಒಡೆಯಲೂ ಬಲ್ಲುದು. ಆದುದರಿಂದ ಅದನ್ನು ಮತ್ತೆ ಮೆಲ್ಲನೆ ಕಾಯಿಸಬೇಕು. ಆಗ ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹುಲ್ಲಿನ ತೆಳುಹಳದಿ ಬಣ್ಣವೂ, ಅನಂತರ ಕಂದು, ನೇರಿಳೆಗಳೂ, 300 ಡಿಗ್ರಿಯ ಸುಮಾರಿಗೆ ನೀಲಿಯೂ ಅಲಗಿನ ಮೈಮೇಲೆ ಒಂದಾದಮೇಲೊಂದು ಮೂಡುತ್ತವೆ. ಕ್ಷೌರದ ಕತ್ತಿಗೆ ತೆಳುಹಳದಿಯಲ್ಲಿ ನಿಲ್ಲಿಸಬೇಕು. ಮಡಿಚುವ ಚೂರಿಯ ಸ್ಪ್ರಿಂಗಿಗೆ ನೀಲಿಯವರೆಗೆ ಬಿಡಬೇಕು. ಇನ್ನು ಸಾಣೆಯವನಿಗೆ ಹೇರಳವಾದ ನೀರೂ ಚಕ್ರವನ್ನು ತಿರುಗಿಸುವ ಶಕ್ತಿಯೂ ಬೇಕು. ಹಿಡಿ ಕೂಡಿಸುವವನಿಗೆ ಉದ್ದನೆಯ ಕಿಟಕಿಯ ಸಮವಾದ ಬೆಳಕು ಬೇಕು. ಕತ್ತಲೆಯನ್ನೂ ಬೆಳಕನ್ನೂ ಬೆಂಕಿಯನ್ನೂ ನೀರನ್ನೂ ಒಂದೇ ಕಸುಬಿಗೆ ಹೊಂದಿಸುವುದೇ ಕಾರ್ಯಶಾಲೆಯ ವಿನ್ಯಾಸದ ಮೂಲಸಮಸ್ಯೆಯಾಗಿದ್ದಿತು.

ಈ ಕಸುಬನ್ನು ಗ್ರಂಥರೂಪಕ್ಕೆ ತಂದವರಲ್ಲಿ ಪ್ಯಾರಿಸ್ ನಗರದ ಚೂರಿಗಾರ ಜಾನ್ ಜಾಕ್ ಪೆರೆಯ ಹೆಸರು ಪ್ರಸಿದ್ಧವಾದುದು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಕಸುಬುಗಳನ್ನು ವರ್ಣಿಸಲು ಪ್ರಕಟಿಸುತ್ತಿದ್ದ ಮಾಲೆಯಲ್ಲಿ 1771ರಲ್ಲಿ ಅವನ ಗ್ರಂಥದ ಮೊದಲ ಭಾಗ ಹೊರಬಂದಿತು. ಶಸ್ತ್ರವೈದ್ಯರ ಉಪಕರಣಗಳನ್ನು ಕುರಿತ ಭಾಗವು 1772ರಲ್ಲಿ ಪ್ರಕಟವಾಯಿತು. ಪಂಡಿತನು ದೂರದಲ್ಲಿ ನಿಂತು ನೋಡಿ ಬರೆದ ಗ್ರಂಥವಲ್ಲ ಅದು, ಕೈಯಲ್ಲಿ ಇಕ್ಕಳ ಹಿಡಿದವನು ಬರೆದುದು. ಆದರೆ ಗ್ರಂಥದ ವಿನ್ಯಾಸವು ಬೇರೆ, ನೆಲದ ಮೇಲೆ ಬೆಳೆದ ವಿನ್ಯಾಸವು ಬೇರೆ. ಫ್ರಾನ್ಸಿನಲ್ಲಿಯೇ ದ್ಯುರೋಲ್ ನದಿಯ ದಡದಲ್ಲಿರುವ ತಿಯೇರ್ ಪಟ್ಟಣದಲ್ಲಿ ಸಾಣೆಯವರು ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೆಳಗೆ ತಿರುಗುವ ಕಲ್ಲಿಗೆ ಅಲಗನ್ನು ಒತ್ತುತ್ತಿದ್ದರು. ಚಳಿಗಾಲದಲ್ಲಿ ತಮ್ಮ ನಾಯಿಯನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ಬೆಚ್ಚಗಿರುತ್ತಿದ್ದರು. ಬೆಂಕಿಯಿಂದ ದೂರವಾಗಿ, ನದಿಯ ತೇವಕ್ಕೆ ಹತ್ತಿರವಾಗಿ ಕೆಲಸದ ಸ್ಥಳವನ್ನು ಆರಿಸಿದಾಗ ಮನುಷ್ಯನ ಮೈಯ ಶಾಖವನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲವೆಂಬುದಕ್ಕೆ ಆ ನಾಯಿಯೇ ಸಾಕ್ಷಿ.

ನೆಲವೇ ವಿನ್ಯಾಸಕಾರನಾದುದಕ್ಕೆ ಇಂಗ್ಲೆಂಡಿನ ಷೆಫೀಲ್ಡಿಗಿಂತ ಮಿಗಿಲಾದ ಉದಾಹರಣೆಯಿಲ್ಲ. ಡಾನ್, ಷೀಫ್, ಪೋರ್ಟರ್, ರಿವೆಲಿನ್, ಲಾಕ್ಸ್‌ಲಿ ಎಂಬ ಐದು ನದಿಗಳು ಬೆಟ್ಟಗಳಿಂದ ರಭಸವಾಗಿ ಇಳಿದು ಅಲ್ಲಿ ಕೂಡುತ್ತವೆ. ಸಾಣೆಗೆ ತಕ್ಕ ಮರಳುಗಲ್ಲು ಸುತ್ತಣ ಗುಡ್ಡಗಳಲ್ಲಿಯೇ ದೊರೆಯುತ್ತಿದ್ದಿತು. ಕಲ್ಲಿದ್ದಲೂ ಹತ್ತಿರದಲ್ಲಿದ್ದಿತು. ಹದಿನಾಲ್ಕನೆಯ ಶತಮಾನದಲ್ಲಿಯೇ ಚಾಸರ್ ಕವಿಯು ತನ್ನ ಕಥೆಯೊಂದರ ಪಾತ್ರಕ್ಕೆ ಷೆಫೀಲ್ಡಿನ ಚೂರಿಯನ್ನು ಕೊಟ್ಟಿರುವನೆಂದಮೇಲೆ ಆ ಊರಿನ ಕೀರ್ತಿಯು ಅಂದಿಗೇ ಹರಡಿದ್ದಿತೆಂಬುದು ಸ್ಪಷ್ಟ. 1624ರಲ್ಲಿ ಅಲ್ಲಿಯ ಚೂರಿಗಾರರ ಸಂಘಕ್ಕೆ ಪಾರ್ಲಿಮೆಂಟಿನ ಶಾಸನದ ಮನ್ನಣೆ ದೊರೆಯಿತು. ಪೋರ್ಟರ್ ನದಿಯ ಮೇಲಣ ಷೆಪರ್ಡ್ ವ್ಹೀಲ್ ಎಂಬ ಸಾಣೆಮನೆಯು ಹದಿನಾರನೆಯ ಶತಮಾನದಷ್ಟು ಹಳೆಯ ನೆಲೆ; ಇಂದು ಅದು ವಸ್ತುಸಂಗ್ರಹಾಲಯವಾಗಿ ಉಳಿದಿದೆ.

ಇಂತಹ ಸಾಣೆಮನೆಯ ಒಳರಚನೆಯನ್ನು ಗಮನಿಸಬೇಕು. ಕೆರೆಯಲ್ಲಿ ತಡೆದ ನೀರು ಹೊರಗಿನ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಹಲ್ಲಿನ ಗಾಲಿಗಳ ಮೂಲಕ ಆ ಚಲನೆಯು ಒಳಗಿನ ಉರುಳೆಗೂ, ಉರುಳೆಯಿಂದ ಚರ್ಮದ ಪಟ್ಟಿಗಳ ಮೂಲಕ ಒಂದೊಂದು ಸಾಣೆಕಲ್ಲಿಗೂ ಸಾಗುತ್ತದೆ. ಕಲ್ಲಿನ ಕೆಳಭಾಗವು ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಸಾಣೆಯವನು ಅದರ ಹಿಂದೆ ಮರದ ಜೀನಿನಂತಹ ಪೀಠದ ಮೇಲೆ ಕುದುರೆಯೇರಿದವನ ಹಾಗೆ ಕಾಲು ಚಾಚಿ ಕುಳಿತು, ಮುಂದಕ್ಕೆ ಬಾಗಿ ಅಲಗನ್ನು ಒತ್ತುತ್ತಾನೆ. ಪೀಠವನ್ನು ಸರಪಣಿಯಿಂದ ನೆಲಕ್ಕೆ ಬಿಗಿದಿರುತ್ತಾರೆ. ಕಣ್ಣಿಗೆ ಕಾಣದ ಬಿರುಕಿನಿಂದ ಕಲ್ಲು ಓಟದಲ್ಲಿಯೇ ಸಿಡಿದು ಮನುಷ್ಯನನ್ನು ಎತ್ತಿ ಎಸೆಯುವ ಅಪಾಯವಿದ್ದುದರಿಂದ ಈ ಎಚ್ಚರಿಕೆ ಬೇಕಾಗಿದ್ದಿತು. ಹಿಡಿ ಕೂಡಿಸುವ ಕೋಣೆಯಾದರೋ ಬೇರೆಯದೇ ಲೋಕ. ಕಿಟಕಿಯ ಉದ್ದಕ್ಕೂ ಮೇಜು, ಮೇಜಿನ ಮೇಲೆ ಹಿಡಿತಿರುಪು, ಅರಗಳು, ಬಿಲ್ಲಿನಿಂದ ತಿರುಗಿಸುವ ಬೈರಿಗೆ. ಪಕ್ಕದಲ್ಲಿ ಎಲುಬು, ದಂತ, ಮರ, ಹಾಗೂ ಭಾರತದಿಂದ ಹೋಗುತ್ತಿದ್ದ ಕಡವೆಯ ಕೊಂಬು.

ಇವೆಲ್ಲಕ್ಕೂ ಒಬ್ಬನೇ ಒಡೆಯನಿದ್ದನೆಂದು ಭಾವಿಸುವುದು ತಪ್ಪು. ಷೆಫೀಲ್ಡಿನ ಕಸುಬುದಾರರಲ್ಲಿ ಹಲವರು 'ಲಿಟ್ಲ್ ಮೆಸ್ಟರ್', ಅಂದರೆ ಸಣ್ಣ ಯಜಮಾನರು. ಕಟ್ಟಡವು ಒಬ್ಬನದು, ಅದರಲ್ಲಿ ಒಂದು ತೊಟ್ಟಿಯ ಜಾಗವನ್ನೂ ಚಕ್ರದ ಶಕ್ತಿಯನ್ನೂ ಸಾಣೆಯವನು ಬಾಡಿಗೆಗೆ ಪಡೆಯುತ್ತಿದ್ದನು. ಕಲ್ಲೂ ಚರ್ಮದ ಪಟ್ಟಿಯೂ ಅವನವು. ಉಕ್ಕನ್ನು ಕೊಟ್ಟು ಸಿದ್ಧವಾದ ಅಲಗನ್ನು ಕೊಳ್ಳುವ ವರ್ತಕನು ಮೂರನೆಯವನು. ಹೆಚ್ಚು ಬಂಡವಾಳವಿಲ್ಲದೆಯೇ ಕುಶಲನು ಸ್ವತಂತ್ರನಾಗಿ ನಿಲ್ಲಬಹುದಾಗಿದ್ದುದು ಈ ಏರ್ಪಾಡಿನ ಗುಣ. ಸಂಘದ ಚಂದಾ ಕೊಡದವನ ಚರ್ಮದ ಪಟ್ಟಿಯನ್ನು ರಾತ್ರಿಯಲ್ಲಿ ಅಪಹರಿಸಿ ಅವನ ಕೆಲಸವನ್ನೇ ನಿಲ್ಲಿಸುವ ಪದ್ಧತಿಯು ಅಲ್ಲಿ ಬೆಳೆದು, 1867ರಲ್ಲಿ ಸರಕಾರದ ವಿಚಾರಣೆಗೆ ಎಡೆಮಾಡಿದುದು ಈ ಏರ್ಪಾಡಿನ ದೌರ್ಬಲ್ಯ. ಆದರೆ ಇದಕ್ಕಿಂತ ಆಳವಾದ ದೋಷವೊಂದು ಇದರಲ್ಲಿ ಅಡಗಿದ್ದಿತು. ಅದನ್ನು ಹೇಳುವ ಮುನ್ನ ಉಕ್ಕಿನ ವಿಷಯವನ್ನು ನೋಡಬೇಕಾಗಿದೆ.

ಒಳ್ಳೆಯ ಕಾರ್ಯಶಾಲೆಗೆ ಒಳ್ಳೆಯ ಉಕ್ಕು ಬೇಕು. ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ 1740ರ ಸುಮಾರಿನಲ್ಲಿ ಷೆಫೀಲ್ಡಿನ ಬಳಿಗೆ ಬಂದು, ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಸಮರಸಗೊಳಿಸುವ ವಿಧಾನವನ್ನು ರೂಢಿಗೆ ತಂದನು. ಆದರೆ ಮೂಸೆಯ ಉಕ್ಕು ಕನ್ನಡನಾಡಿಗೆ ಹೊಸದಾಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ದಾಖಲಿಸಿದ್ದಾನೆ. ಇದಕ್ಕೆ ಮೊದಲೇ, 1794ರಲ್ಲಿ, ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಭಾರತದ ಉಕ್ಕಿನ ಮಾದರಿಗಳನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದ್ದನು. ಅಲ್ಲಿ ಅದಕ್ಕೆ 'ವೂಟ್ಸ್' ಎಂಬ ಹೆಸರು ನಿಂತಿತು. ಕನ್ನಡದ 'ಉಕ್ಕು' ಎಂಬ ಮಾತು ಬರವಣಿಗೆಯ ತಪ್ಪಿನಿಂದ ಹೀಗಾಗಿರಬೇಕೆಂದು ನಿಘಂಟುಕಾರರು ಊಹಿಸಿದ್ದಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಪರೀಕ್ಷೆಯ ಫಲಗಳನ್ನು ಮಂಡಿಸಿದನು. ಲಂಡನ್ನಿನ ಚೂರಿಗಾರ ಜೇಮ್ಸ್ ಸ್ಟೊಡಾರ್ಟ್ ಅದರಿಂದ ಅಲಗುಗಳನ್ನು ಮಾಡಿ ಮೆಚ್ಚಿದನು. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯೊಡನೆ ಸೇರಿ ಅವನು ನಡೆಸಿದ ಉಕ್ಕಿನ ಪ್ರಯೋಗಗಳು 1820 ಮತ್ತು 1822ರಲ್ಲಿ ಪ್ರಕಟವಾದುವು.

ಇಲ್ಲಿ ಒಂದು ವಿಚಾರವು ಮನಸ್ಸನ್ನು ತಡೆದು ನಿಲ್ಲಿಸುತ್ತದೆ. ಸಾಗರದಾಚೆಯಿಂದ ಬಂದ ಉಕ್ಕಿನ ಅಂತರಂಗವನ್ನು ವಿದ್ವಾಂಸರು 1795ರಲ್ಲಿಯೇ ಪರೀಕ್ಷಿಸಿದ್ದರು. ಆದರೆ ಅದೇ ದೇಶದಲ್ಲಿ ಸಾಣೆ ಹಿಡಿಯುವವನ ಎದೆಯೊಳಗೆ ಏನಾಗುತ್ತಿದೆಯೆಂಬುದನ್ನು ಷೆಫೀಲ್ಡಿನ ವೈದ್ಯ ಆರ್ನಲ್ಡ್ ನೈಟ್ ಪ್ರಬಂಧರೂಪದಲ್ಲಿ ಮುಂದಿಟ್ಟುದು 1830ರಲ್ಲಿ.

ಮರಳುಗಲ್ಲಿನ ಸಾಣೆಯು ತಿರುಗುವಾಗ ಕಲ್ಲಿನ ಮತ್ತು ಉಕ್ಕಿನ ಸೂಕ್ಷ್ಮವಾದ ಧೂಳು ಏಳುತ್ತದೆ. ಒದ್ದೆಯಾದ ಕಲ್ಲಿನಲ್ಲಿ ಅದರ ಬಹುಭಾಗವು ಕೆಸರಾಗಿ ಇಳಿಯುತ್ತದೆ. ಊಟದ ಫೋರ್ಕುಗಳನ್ನೂ ಸೂಜಿಗಳನ್ನೂ ಒಣಕಲ್ಲಿನ ಮೇಲೆ ಹಿಡಿಯುತ್ತಿದ್ದುದರಿಂದ ಆ ಧೂಳೆಲ್ಲವೂ ಕೆಲಸಗಾರನ ಉಸಿರಿನೊಡನೆ ಒಳಹೋಗುತ್ತಿದ್ದಿತು. ನೈಟನ ಹೇಳಿಕೆಯಂತೆ ಒಣಕಲ್ಲಿನ ಫೋರ್ಕ್ ಸಾಣೆಯವರು 28ರಿಂದ 32ನೆಯ ವಯಸ್ಸಿನಲ್ಲಿಯೂ, ಒಣ ಮತ್ತು ಒದ್ದೆ ಎರಡೂ ಬಗೆಯಲ್ಲಿ ಕ್ಷೌರಕತ್ತಿ ಹಿಡಿಯುವವರು 40ರಿಂದ 45ರಲ್ಲಿಯೂ, ಒದ್ದೆಕಲ್ಲಿನಲ್ಲಿ ಊಟದ ಚೂರಿ ಹಿಡಿಯುವವರು 40ರಿಂದ 50ರಲ್ಲಿಯೂ ಸಾಯುತ್ತಿದ್ದರು. ನೀರಿನ ಒಂದು ತೊಟ್ಟಿಯು ಮನುಷ್ಯನ ಆಯುಸ್ಸಿಗೆ ಹತ್ತುಹದಿನೈದು ವರ್ಷಗಳನ್ನು ಕೂಡಿಸುತ್ತಿದ್ದಿತೆಂದು ಇದರ ಅರ್ಥ.

ಸುಧಾರಣೆಯೆಂದು ಬಂದುದು ಈ ಕೇಡನ್ನು ಹೆಚ್ಚಿಸಿತು. 1786ರಲ್ಲಿ ಷೆಫೀಲ್ಡಿನಲ್ಲಿ ಉಗಿಯಂತ್ರದಿಂದ ನಡೆಯುವ ಸಾಣೆಮನೆಯು ಪ್ರಾರಂಭವಾಯಿತು. ನದಿಯ ದಡದ ಹಳೆಯ ಸಾಣೆಮನೆಯಲ್ಲಿ ನೀರು ಬತ್ತಿದಾಗ ಕೆಲಸ ನಿಲ್ಲುತ್ತಿದ್ದಿತು. ಕೆಲಸಗಾರನು ಬಯಲಿನ ಗಾಳಿಯಲ್ಲಿ ಓಡಾಡುತ್ತಿದ್ದನು. ಯಜಮಾನನ ದೃಷ್ಟಿಯಲ್ಲಿ ಅದು ನಷ್ಟ, ಶ್ವಾಸಕೋಶದ ದೃಷ್ಟಿಯಲ್ಲಿ ವಿರಾಮ. ಉಗಿಯಂತ್ರಕ್ಕೆ ಬೇಸಗೆಯಿಲ್ಲ, ಬರಗಾಲವಿಲ್ಲ. ಪಟ್ಟಣದ ನಡುವೆ, ಗಾಳಿಯಾಡದ ಕೋಣೆಗಳಲ್ಲಿ, ಒಬ್ಬನ ಧೂಳನ್ನು ಇನ್ನೊಬ್ಬನು ಉಸಿರಾಡುತ್ತ ವರ್ಷವಿಡೀ ದುಡಿಯುವುದು ಸಾಧ್ಯವಾಯಿತು. ಅಲಗಿನ ದೃಷ್ಟಿಯಿಂದ ಕಾರ್ಯಶಾಲೆಯು ಆದರ್ಶಕ್ಕೆ ಸಮೀಪಿಸಿದಷ್ಟೂ ಮನುಷ್ಯನ ದೃಷ್ಟಿಯಿಂದ ಅದು ಹಿಂದೆ ಸರಿಯಿತು.

ಪರಿಹಾರವು ತಿಳಿಯದಿದ್ದಿತೆಂದೇನೂ ಅಲ್ಲ. 1820ರ ದಶಕದ ಪ್ರಾರಂಭದಲ್ಲಿಯೇ ಷೆಫೀಲ್ಡಿನ ಅಬ್ರಹಾಂ ಎಂಬುವನು ಕೆಲಸಗಾರನ ಮುಖದ ಬಳಿ ಅಯಸ್ಕಾಂತವನ್ನಿರಿಸಿ ಉಕ್ಕಿನ ಕಣಗಳನ್ನು ಸೆಳೆಯುವ ಉಪಾಯವನ್ನು ತೋರಿಸಿ ಪದಕವನ್ನು ಪಡೆದನು. ಅಯಸ್ಕಾಂತವು ಉಕ್ಕನ್ನು ಸೆಳೆಯಿತು, ಕಲ್ಲಿನ ಧೂಳನ್ನು ಬಿಟ್ಟಿತು. ಮಾರಕವಾದುದು ಕಲ್ಲಿನ ಧೂಳೇ. ಇದಕ್ಕಿಂತ ಯುಕ್ತವಾದುದು ಬೀಸಣಿಗೆಯ ಯಂತ್ರ. ಸಾಣೆಯ ಬಳಿ ಮರದ ಗೂಡೊಂದನ್ನು ಕಟ್ಟಿ, ಸಾಣೆಯನ್ನು ತಿರುಗಿಸುವ ಶಕ್ತಿಯಿಂದಲೇ ಬೀಸಣಿಗೆಯನ್ನೂ ತಿರುಗಿಸಿ, ಧೂಳನ್ನು ಕೊಳವೆಯ ಮೂಲಕ ಹೊರಕ್ಕೆ ಎಳೆಯುವ ಏರ್ಪಾಡದು. ಷೆಫೀಲ್ಡಿನ ವೈದ್ಯ ಕಾಲ್ವರ್ಟ್ ಹಾಲೆಂಡ್ 1843ರ ಗ್ರಂಥದಲ್ಲಿ ಈ ರೋಗವನ್ನು ವಿಸ್ತಾರವಾಗಿ ಚರ್ಚಿಸಿದನು. ಆದರೂ ಅದು ಎಲ್ಲೆಡೆ ನೆಲೆಗೊಳ್ಳಲಿಲ್ಲ. ಕೆಲಸಗಾರರಲ್ಲಿಯೇ ಕೆಲವರು ಅದನ್ನು ವಿರೋಧಿಸಿದರೆಂದು 1845ರಲ್ಲಿ ಎಂಗೆಲ್ಸ್ ಬರೆದಿದ್ದಾನೆ. ಆಯುಸ್ಸು ಬೆಳೆದರೆ ಕಸುಬಿನಲ್ಲಿ ಜನ ಹೆಚ್ಚಿ ಕೂಲಿ ಇಳಿಯುವುದೆಂಬುದು ಅವರ ಭಯವಾಗಿದ್ದಿತು. ನೆರೆಯವನ ಸಾವಿನಿಂದ ತನ್ನ ಕೂಲಿ ಉಳಿಯುವುದೆಂದು ಮನುಷ್ಯನು ಲೆಕ್ಕಹಾಕುವ ಸ್ಥಿತಿಗೆ ಅವನನ್ನು ತಂದಿಟ್ಟ ವ್ಯವಸ್ಥೆಯನ್ನು ಬಿಟ್ಟು ಅವನನ್ನಷ್ಟೇ ನಿಂದಿಸುವುದು ನ್ಯಾಯವಾಗಲಾರದು.

ಮೇಲೆ ಸೂಚಿಸಿದ ಆಳವಾದ ದೋಷವು ಇದೇ. ಕಟ್ಟಡದ ಒಡೆಯನ ಲೆಕ್ಕದಲ್ಲಿ ಜಾಗದ ಬಾಡಿಗೆಯೂ ಶಕ್ತಿಯ ಬಾಡಿಗೆಯೂ ಇದ್ದುವು. ವರ್ತಕನ ಲೆಕ್ಕದಲ್ಲಿ ಉಕ್ಕಿನ ಬೆಲೆಯೂ ಡಜನ್ ಅಲಗುಗಳ ಬೆಲೆಯೂ ಇದ್ದುವು. ಸಾಣೆಯವನ ಲೆಕ್ಕದಲ್ಲಿ ಕಲ್ಲೂ ಪಟ್ಟಿಯೂ ಇದ್ದುವು. ಗಾಳಿಗೆ ಯಾರ ಪುಸ್ತಕದಲ್ಲಿಯೂ ಒಂದು ಸಾಲಿರಲಿಲ್ಲ. ಮೂವರಲ್ಲಿ ಹಂಚಿಹೋದ ಹೊಣೆಯು ಯಾರ ಹೊಣೆಯೂ ಆಗಲಿಲ್ಲ. ಕೊನೆಗೆ ಶಾಸನವೇ ಆ ಸಾಲನ್ನು ಬರೆಯಬೇಕಾಯಿತು. 1867ರ ಶಾಸನವು ಸಾಣೆಯ ಕೆಲಸಕ್ಕೆ ಬೀಸಣಿಗೆಯನ್ನು ಒತ್ತಾಯಪಡಿಸುವ ಅಧಿಕಾರವನ್ನು ತಪಾಸಣಾಧಿಕಾರಿಗೆ ಕೊಟ್ಟಿತು. 1895ರ ಶಾಸನವು ಬಾಡಿಗೆಯ ಸಾಣೆಮನೆಗಳಲ್ಲಿ ಚೂರಿಗಳ ಸಾಣೆಗೆ ಸಂಬಂಧಿಸಿದ ನಿಯಮಗಳ ಹೊಣೆಯನ್ನು ಕಟ್ಟಡದ ಒಡೆಯನ ಮೇಲೆಯೇ ಹೊರಿಸಿತು. ಹೊಸದಾಗಿ ಹೂಡುವ ಸಾಣೆಕಲ್ಲು ಬೆಂಕಿಗೂಡಿನ ಮುಂದಾಗಲಿ ಇನ್ನೊಂದು ಸಾಣೆಯ ಎದುರಿಗಾಗಲಿ ಓಡಬಾರದೆಂಬುದೂ ಆ ನಿಯಮಗಳಲ್ಲಿ ಒಂದು. ಮನುಷ್ಯನನ್ನು ನೆನೆದು ಬರೆದ ವಿನ್ಯಾಸದ ವಾಕ್ಯವೊಂದು ಹೀಗೆ ಚೂರಿಯ ಕಾರ್ಯಶಾಲೆಗೆ ಕಾನೂನಿನ ಬಾಗಿಲಿನಿಂದ ಪ್ರವೇಶಿಸಿತು. ಅಮೆರಿಕೆಯ ಆಚೆಸನ್ 1891ರಲ್ಲಿ ಕಂಡುಹಿಡಿದ ಕಾರ್ಬೊರಂಡಂ ಮೊದಲಾದ ಕೃತಕ ಸಾಣೆಗಳು ಇಪ್ಪತ್ತನೆಯ ಶತಮಾನದಲ್ಲಿ ಮರಳುಗಲ್ಲಿನ ಸ್ಥಾನವನ್ನು ಆಕ್ರಮಿಸಿದಮೇಲೆ ಆ ಹಳೆಯ ರೋಗವು ಇಳಿಮುಖವಾಯಿತು.

ಇದು ಪರದೇಶದ ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ಷೆಫೀಲ್ಡಿನ ಸಾಣೆಯವನ ಎದೆಯಲ್ಲಿ ಗಟ್ಟಿಗೊಂಡ ಆ ಕಲ್ಲಿನ ಧೂಳೇ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಎದೆಯನ್ನೂ ಕೆಡಿಸಿತೆಂಬುದು 1940ರ ದಶಕದ ವೈದ್ಯಪರೀಕ್ಷೆಗಳಿಂದ ತಿಳಿದುಬಂದಿತು. 2001ರಲ್ಲಿ ಆ ಗಣಿಗಳು ಮುಚ್ಚಿದುವು. ಕಲ್ಲು ಕಡಿಯುವ, ಅರೆಯುವ, ಸಾಣೆ ಹಿಡಿಯುವ ಕಸುಬುಗಳು ಮುಚ್ಚಿಲ್ಲ. ಕಾರ್ಯಶಾಲೆಯ ನಕ್ಷೆಯನ್ನು ಬರೆಯುವವನು ಕುಲುಮೆಗೆ ನೆರಳನ್ನೂ ಮೇಜಿಗೆ ಬೆಳಕನ್ನೂ ಸಾಣೆಗೆ ನೀರನ್ನೂ ಒದಗಿಸಬೇಕಾದುದು ಸರಿಯೇ. ಆದರೆ ಕಾಗದದ ಮೇಲೆ ಮೊದಲ ಗೆರೆಯನ್ನು ಗಾಳಿ ಬರುವ ದಾರಿಗಾಗಿಯೂ ಎರಡನೆಯದನ್ನು ಧೂಳು ಹೋಗುವ ದಾರಿಗಾಗಿಯೂ ಎಳೆಯಬೇಕೆಂಬುದು ಐದು ನದಿಗಳ ಆ ಊರು ಬಹಳ ತಡವಾಗಿ, ಬಹಳ ಬೆಲೆಯನ್ನು ತೆತ್ತು ಕಲಿತ ಪಾಠ.