ತಿಪ್ಪೆಯ ಬಿಸಿ ಮತ್ತು ನನ್ನ ಟೊಮೆಟೊ

ಕಳಮೇಶ್ವರಕ್ಕೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಬ್ಯಾಂಕಿನಲ್ಲಿ ರೈತರಿಗೆ ಸಾಲ ಕೊಡುವವನು ನಾನು, ಆದರೆ ಗೊಬ್ಬರದ ವಿಷಯದಲ್ಲಿ ಶುದ್ಧ ಬಿ.ಕಾಂ!

ಹೋದ ವರ್ಷ ಅಡಿಗೆಮನೆಯ ಸಿಪ್ಪೆಯ ಡಬ್ಬಕ್ಕೆ ಸೊರಗಿದ ಟೊಮೆಟೊ ಗಿಡಗಳನ್ನೂ, ಬೀಜ ಬಿಟ್ಟ ಕಾಂಗ್ರೆಸ್ ಗಿಡವನ್ನೂ ಹಾಕಿದೆ. ನಾಲ್ಕು ತಿಂಗಳಿಗೆ ಕಪ್ಪಗಿನ ಗೊಬ್ಬರ ಸಿದ್ಧವಾಯ್ತು. ಹೆಮ್ಮೆಯಿಂದ ಪಕ್ಕದ ಮನೆಯ ಕಾಕಾಗೂ ಒಂದು ಚೀಲ ಕೊಟ್ಟೆ. ಮಳೆ ಬಂದದ್ದೇ ತಡ, ನಮ್ಮ ಕುಂಡಗಳಲ್ಲಿ ಕಾಂಗ್ರೆಸ್ ಮೊಳಕೆಗಳು, ಟೊಮೆಟೊಗೆ ಮತ್ತೆ ಸೊರಗು. ಕಾಕಾರ ಬದನೆಯೂ ಹೋಯ್ತು. ನನ್ನ ಗೊಬ್ಬರವೇ ಕಾರಣ ಅಂತ ಸಾಬೀತು ಮಾಡಲಾರೆ, ಆದರೆ ನಿದ್ದೆ ಮಾತ್ರ ಬರಲಿಲ್ಲ.

ಹಳೆಯ ಪುಸ್ತಕ ತಿರುವಿದೆ. 1924ರಲ್ಲಿ ಇಂದೋರಿನಲ್ಲಿ ಶುರುವಾದ ಸಸ್ಯ ಸಂಸ್ಥೆಯಲ್ಲಿ ಆಲ್ಬರ್ಟ್ ಹೊವಾರ್ಡ್, ಯಶವಂತ ವಾಡ್ ಅವರ ಜೊತೆ ಸೇರಿ ಕಸ, ಸೆಗಣಿ, ಮಣ್ಣು, ಬೂದಿ ಬೆರೆಸಿ ಗೊಬ್ಬರ ಮಾಡುವ ಕ್ರಮ ರೂಪಿಸಿದರು. 1931ರಲ್ಲಿ ಇಬ್ಬರ ಹೆಸರಲ್ಲೂ ಪುಸ್ತಕ ಬಂತು. ರಾಶಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತಿತ್ತು. ಮೂರು ತಿಂಗಳಲ್ಲಿ ಮೂರು ಬಾರಿ ಮಗುಚಬೇಕು. ಗುಟ್ಟು ಅಲ್ಲೇ ಇದೆ: ರಾಶಿಯ ಅಂಚು ತಣ್ಣಗಿರುತ್ತದೆ, ಅಲ್ಲಿನ ಬೀಜವೂ ರೋಗಾಣುವೂ ಬದುಕುತ್ತವೆ. ಮಗುಚಿದಾಗ ಹೊರಗಿನದು ಒಳಗೆ ಹೋಗಿ ಬೇಯುತ್ತದೆ.

ನಂತರ ನಮ್ಮ ಬೆಂಗಳೂರು ಪದ್ಧತಿ. 1939ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮಣ್ಣು ಮುಚ್ಚುವ ವಿಧಾನ ತಂದರು. ಮಗುಚುವ ಕೆಲಸವಿಲ್ಲ, ಆದರೆ ಆರೆಂಟು ತಿಂಗಳು ಕಾಯಬೇಕು. ನಮ್ಮ ವಿದರ್ಭದ ಪುಸದ್‌ನ ನಾರಾಯಣ ದೇವತಾವ್ ಪಾಂಢರಿಪಾಂಡೆ ಅವರದು ನಾಡೆಪ್: ಗಾಳಿಗೆ ಕಿಂಡಿ ಬಿಟ್ಟ ಇಟ್ಟಿಗೆ ತೊಟ್ಟಿ.

ಈಗಿನ ಲೆಕ್ಕ ಹೀಗಿದೆ: 55 ಡಿಗ್ರಿಗಿಂತ ಹೆಚ್ಚು ಬಿಸಿ ಕೆಲವು ದಿನ ಎಲ್ಲ ಭಾಗಕ್ಕೂ ತಾಗಿದರೆ ಬಹುತೇಕ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ತಂಬಾಕಿನ ಮೊಸಾಯಿಕ್ ವೈರಸ್‌ನಂಥ ಗಟ್ಟಿ ಪಿಂಡಗಳು ಆಗಲೂ ಉಳಿಯಬಹುದು. ರಾಶಿ ಸುಮಾರು ಒಂದು ಘನ ಮೀಟರ್ ಇಲ್ಲದಿದ್ದರೆ ಬಿಸಿ ನಿಲ್ಲುವುದೇ ಕಷ್ಟ. ನನ್ನ ಡಬ್ಬ ಬಕೆಟ್ಟಿಗಿಂತ ತುಸು ದೊಡ್ಡದು, ಅಷ್ಟೇ! ಅದು ಕೊಳೆಯಿತು, ಬೇಯಲಿಲ್ಲ. ಗೊಬ್ಬರ ಕಪ್ಪಾದ ಮಾತ್ರಕ್ಕೆ ಶುದ್ಧವಾಯಿತು ಅಂತಲ್ಲ.

ಈಗ ರೋಗದ ಗಿಡವನ್ನೂ ಬೀಜ ಬಿಟ್ಟ ಕಳೆಯನ್ನೂ ಡಬ್ಬಕ್ಕೆ ಹಾಕುವುದಿಲ್ಲ. ಸಿಪ್ಪೆ, ಒಣಗಿದ ಎಲೆ ಮಾತ್ರ. ನೀವೂ ಹಾಗೇ ಮಾಡಿ.

ನಿನ್ನೆ ಕಾಕಾಗೆ ಎಲ್ಲ ಹೇಳಿದೆ. ಅವರು ನಕ್ಕು, "ಸಾಹೇಬ್ರೇ, ಈ ಸಾಲ ಮನ್ನಾ" ಅಂದರು. ಆದರೂ ಬರುವ ಹಂಗಾಮಿಗೆ ಬದನೆ ಸಸಿ ನಾನೇ ತಂದುಕೊಡುತ್ತೇನೆ, ಹೊಸ ಮಣ್ಣಿನ ಜೊತೆ.