ಬರಗಾಲದಲ್ಲೂ ಮುಟ್ಟಬಾರದ ಹಣ

ಸವದತ್ತಿ ಸೀಮೆಯ ಸಿರಸಂಗಿ ಎರಡು ಕಾರಣಕ್ಕೆ ಹೆಸರಾದ ಊರು. ಒಂದು, ಅಲ್ಲಿಯ ಕಾಳಮ್ಮ. ಕಮ್ಮಾರರು, ಬಡಿಗೇರರು, ಪತ್ತಾರರು, ಕಂಚುಗಾರರು, ಶಿಲ್ಪಿಗಳು ದೂರದೂರದಿಂದ ಬಂದು ನಡೆದುಕೊಳ್ಳುವ ದೇವಿ ಈಕೆ. ಇನ್ನೊಂದು, ದೇಸಗತಿಯ ಲಿಂಗರಾಜರು. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಈ ದೇಸಾಯಿಯವರು ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು.

ಅವರು ಬದುಕಿದ್ದು ಸುಭಿಕ್ಷದ ಕಾಲದಲ್ಲೇನೂ ಅಲ್ಲ. ಬಾಲ್ಯದಲ್ಲಿ 1876-78ರ ಭೀಕರ ಬರ, ಶತಮಾನದ ಕೊನೆಗೆ ಮತ್ತೆ ಬರ, ಜೊತೆಗೆ ಪ್ಲೇಗು. ದತ್ತಿಯ ಗುಟ್ಟು ಇರುವುದೇ ಇಲ್ಲಿ. ಒಮ್ಮೆ ಬರೆದುಕೊಟ್ಟ ಮೇಲೆ ಅದು ಆ ವರ್ಷದ ಮಳೆ-ಬೆಳೆ ನೋಡಿ ಕೊಡುವ ಹಣವಲ್ಲ. ನಮ್ಮ ವಕ್ಫ್‌ನ ತತ್ವವೂ ಇದೇ. ಮೂಲವನ್ನು ಮಾರುವಂತಿಲ್ಲ, ಹುಟ್ಟುವಳಿಯನ್ನು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ.

ದುಡಿಯುವವನ ಜೀವ ಕಾಯುವ ಹಣಕ್ಕೆ ಮಾತ್ರ ಇಂಥ ರಕ್ಷಣೆ ಯಾಕಿಲ್ಲ? ವ್ಯಾಪಾರ ಬಿದ್ದರೆ ಕಾರ್ಖಾನೆಗಳಲ್ಲಿ ಮೊದಲು ಕತ್ತರಿ ಬೀಳುವ ಖರ್ಚುಗಳಲ್ಲಿ ಅದೂ ಒಂದು. ‘ಕಾಲ ಸುಧಾರಿಸಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಸುತ್ತಿಗೆಯ ಕಾವು ಸಡಿಲವಾದರೆ ಕಮ್ಮಾರ ಹಾಗೆ ಕಾಯುತ್ತಾನೆಯೇ? ಬೆಣೆ ಹೊಡೆದು ಬಿಗಿ ಮಾಡದೆ ಅವನು ಏಟು ಹಾಕುವುದಿಲ್ಲ. ಇನ್ನು ಕಾಲ ಸುಧಾರಿಸಿದಾಗಲಾದರೂ ಮಾಲೀಕರು ಜೀವ ಕಾದರೇ? ಇದಕ್ಕೆ ನಮ್ಮ ನಾಡಿನದೇ ಆದ ಕೋಲಾರದ ಚಿನ್ನದ ಗಣಿಗಳ ಚರಿತ್ರೆ ಉತ್ತರ ಕೊಡುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು ಕುಟುಂಬ ಸಮೇತ ಬಂದು ಭೂಮಿಯ ಒಳಗಿಳಿದರು. 1931ರಲ್ಲಿ ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದಾಗ ಚಿನ್ನದ ಬೆಲೆ ಏರಿತು. ಜಗತ್ತೆಲ್ಲ ಕುಸಿತದಲ್ಲಿ ನರಳುತ್ತಿದ್ದಾಗ ಚಿನ್ನ ತೆಗೆಯುವವರಿಗೆ ಅದು ಸುಗ್ಗಿ. ಗಣಿಯೊಳಗೆ ಬಂಡೆ ಸಿಡಿದರೆ ಕೆಲಸ ನಿಲ್ಲುತ್ತದೆ, ಆದಾಯವೂ ನಿಲ್ಲುತ್ತದೆ. ಹೀಗಾಗಿ ಬಂಡೆಗೆ ಆಸರೆಯಾಗಿ ಕಗ್ಗಲ್ಲಿನ ಗೋಡೆಗಳೆದ್ದವು. ಆದರೆ ಕಲ್ಲಿನ ದೂಳು ಗಣಿಯನ್ನು ನಿಲ್ಲಿಸುವುದಿಲ್ಲ. ಅದು ಶ್ವಾಸಕೋಶದಲ್ಲಿ ಕೂತು ವರ್ಷಗಳ ಮೇಲೆ ಆಳನ್ನು ಕೊಲ್ಲುತ್ತದೆ. ಅಷ್ಟು ಹೊತ್ತಿಗೆ ಆತ ಕೂಲಿಪಟ್ಟಿಯಲ್ಲೇ ಇರುವುದಿಲ್ಲ. ಮೈಸೂರಿನಲ್ಲಿ ಸಿಲಿಕೋಸಿಸ್ ನಿಯಮಗಳು ಬಂದದ್ದು 1940ರಲ್ಲಿ, ಗಣಿ ಶುರುವಾಗಿ ಅರುವತ್ತು ವರ್ಷಗಳ ನಂತರ. ಆ ದಶಕದಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಆ ರೋಗವಿತ್ತು. ಹಣವಿದ್ದ ಕಾಲದ ಲೆಕ್ಕವಿದು.

ಹಣವಿಲ್ಲದ ಕಾಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಭೋಪಾಲ ಇದೆ. ನಷ್ಟದಲ್ಲಿದ್ದ ಯೂನಿಯನ್ ಕಾರ್ಬೈಡ್ ಕಾರ್ಖಾನೆ ಕೆಲಸಗಾರರನ್ನು ಕಡಿಮೆ ಮಾಡಿತು. ವಿಷರಾಸಾಯನಿಕವನ್ನು ತಣ್ಣಗಿಡುವ ಯಂತ್ರವನ್ನು 1984ರ ಜೂನ್‌ನಲ್ಲಿ ನಿಲ್ಲಿಸಿತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರವೂ ಕೆಲಸಕ್ಕಿರಲಿಲ್ಲ. ಡಿಸೆಂಬರ್ 2ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹಳೆಯ ಭೋಪಾಲದ ಬಡವರ ಗಲ್ಲಿಗಳಲ್ಲಿ ಹೆಣಗಳು ಬಿದ್ದಿದ್ದವು. ಸಾವಿರಾರು ಜನ ಸತ್ತರು. ಉಳಿತಾಯವಾದ ಹಣ ಎಷ್ಟೇ ಇರಲಿ, ಅದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುವುದು?

ಆ ಹೊತ್ತಿಗೆ ಕೋಲಾರದ ಗಣಿಗೂ ಕೆಟ್ಟ ಕಾಲ ಬಂದಿತ್ತು. 1956ರಲ್ಲಿ ರಾಜ್ಯ ಸರ್ಕಾರದ, 1962ರಲ್ಲಿ ಕೇಂದ್ರದ ಕೈಸೇರಿ, 1972ರಲ್ಲಿ ಅದು ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆಳ ಮೂರು ಕಿಲೋಮೀಟರ್ ದಾಟಿತ್ತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ ನಷ್ಟ ಬೆಳೆಯುತ್ತಿತ್ತು. ಅಂಥ ಹೊತ್ತಿನಲ್ಲೇ, 1988ರಲ್ಲಿ, ಕೇಂದ್ರ ಗಣಿ ಸಚಿವಾಲಯದ ಆಶ್ರಯದಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿತು. ಬಂಡೆ ಯಾಕೆ ಸಿಡಿಯುತ್ತದೆ, ಜನರನ್ನು ಹೇಗೆ ಉಳಿಸಬೇಕು ಎಂಬುದು ಅದರ ವಿದ್ಯೆ. 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಸಂಸ್ಥೆಗೆ ಬೀಳಲಿಲ್ಲ. ಅಣೆಕಟ್ಟು, ಸುರಂಗಗಳ ಕೆಲಸಕ್ಕೆ ಅದರ ವಿದ್ಯೆ ಒದಗಿತು. ಅದರ ಅನ್ನ ಗಣಿಯ ಲಾಭ-ನಷ್ಟದ ಪುಸ್ತಕದಲ್ಲಿ ಇರಲಿಲ್ಲ ಎನ್ನುವುದೇ ಇಲ್ಲಿ ಮುಖ್ಯ ಸಂಗತಿ.

ಸಣ್ಣ ಕಾರ್ಖಾನೆಯವನು ‘ನನ್ನ ಹತ್ತಿರ ನಿಜಕ್ಕೂ ಕಾಸಿಲ್ಲ’ ಎಂದರೆ ಅದು ಯಾವಾಗಲೂ ನೆಪವಲ್ಲ. ಅದಕ್ಕಾಗಿಯೇ ಆ ಹಣ ಅವನ ಗಲ್ಲಾಪೆಟ್ಟಿಗೆಯ ಹೊರಗಿರಬೇಕು. 1996ರ ಕಟ್ಟಡ ಕಾರ್ಮಿಕರ ಕಾನೂನು ಲಾಭ ಬಂತೇ ಎಂದು ಕೇಳದೆ ಕಟ್ಟಡದ ವೆಚ್ಚದ ಮೇಲೇ ಸೆಸ್ ಹಾಕಿತು. ಅದು ಕಲ್ಯಾಣಕ್ಕೆಂದು ಬಂದ ಹಣ. ಸುರಕ್ಷತೆಗೂ ಇಂಥ ದಾರಿ ಸಾಧ್ಯ. ಒಳ್ಳೆಯ ವರ್ಷದಲ್ಲಿ ತೆಗೆದಿಡಬೇಕು, ಕೆಟ್ಟ ವರ್ಷದಲ್ಲಿ ಮಾಲೀಕನಿಗೂ ಅದನ್ನು ಮುಟ್ಟುವ ಹಕ್ಕಿರಬಾರದು.

ಕೆಜಿಎಫ್‌ನಲ್ಲಿ ಅದಿರು ಅರೆದು ಸುರಿದ ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ, ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಎದ್ದರೆ ಆ ದೂಳು ಊರಿನ ಮೇಲೆ ಹಾರುತ್ತದೆ. ಲಾಭ ತೆಗೆದುಕೊಂಡವರು ಹೋಗಿ ಬಹಳ ಕಾಲವಾಯಿತು. ಕೆಲಸಕ್ಕೆ ಬಂದವನ ಜೀವ ಮಾಲೀಕನ ಕೈಯಲ್ಲಿರುವ ಅಮಾನತು. ಅಮಾನತು ಇಟ್ಟುಕೊಂಡವನು ಈ ವರ್ಷ ನನಗೆ ನಷ್ಟವಾಯಿತೆಂದು ಅದನ್ನು ಖರ್ಚು ಮಾಡಿಕೊಳ್ಳುವಂತಿಲ್ಲ.