ಡೌಲಂಡನ ಕಂಬನಿ ಗೀತೆಗಳು

ಷೇಕ್ಸ್‌ಪಿಯರನ ಹೆಸರನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದವರು. ಅವನಿಗಿಂತ ಒಂದೇ ವರ್ಷ ಮೊದಲು ಹುಟ್ಟಿದ ಜಾನ್ ಡೌಲಂಡನ (೧೫೬೩–೧೬೨೬) ಹೆಸರು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಶೋಕದ ಹಾಡುಗಳಿಗೆ ಆ ಕಾಲದ ಇಂಗ್ಲೆಂಡಿನಲ್ಲಿ ಅವನಷ್ಟು ಹೆಸರಾದವರು ಇನ್ನೊಬ್ಬರಿಲ್ಲ. ಆದರೆ ತಾಯ್ನಾಡು ಅವನಿಗೆ ಅನ್ನ ಕೊಟ್ಟದ್ದು ಬಹಳ ತಡವಾಗಿ.

ಅವನ ವಾದ್ಯ ಲ್ಯೂಟ್. ಅರಬರ ಊದ್ ವಾದ್ಯದ ಕುಲದ್ದು. ದುಂಡು ಬೆನ್ನು, ಜೋಡಿ ಜೋಡಿಯಾಗಿ ಬಿಗಿದ ಕರುಳಿನ ತಂತಿಗಳು. ನಾದ ಮೆಲುವಾದದ್ದು, ದೊಡ್ಡ ಸಭೆಗಿಂತ ಮನೆಯ ಕೋಣೆಗೆ ತಕ್ಕದ್ದು.

೧೫೯೪ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಲ್ಯೂಟ್ ವಾದಕನ ಹುದ್ದೆಗೆ ಡೌಲಂಡ್ ಪ್ರಯತ್ನಿಸಿದ, ದೊರೆಯಲಿಲ್ಲ. ಹಿಂದೆ ಪ್ಯಾರಿಸಿನಲ್ಲಿದ್ದಾಗ ಕ್ಯಾಥೊಲಿಕ್ ಮತಕ್ಕೆ ಸೇರಿದ್ದೇ ಇದಕ್ಕೆ ಕಾರಣವೆಂದು ಅವನು ನಂಬಿದ್ದ. ಆದರೆ ಕ್ಯಾಥೊಲಿಕನೇ ಆದ ವಿಲಿಯಂ ಬರ್ಡ್ ರಾಣಿಯ ಸೇವೆಯಲ್ಲಿದ್ದನೆಂಬುದನ್ನು ಮರೆಯುವಂತಿಲ್ಲ. ಅಂತೂ ಡೌಲಂಡ್ ಜರ್ಮನಿ, ಇಟಲಿಗಳ ದಾರಿ ಹಿಡಿದ. ಫ್ಲಾರೆನ್ಸಿನಲ್ಲಿ ರಾಣಿಯ ವಿರೋಧಿಗಳಾದ ಇಂಗ್ಲಿಷರ ಪರಿಚಯವಾದಾಗ ಹೆದರಿಹೋದ. ೧೫೯೫ರ ನವೆಂಬರಿನಲ್ಲಿ ನ್ಯೂರೆಂಬರ್ಗಿನಿಂದ ರಾಬರ್ಟ್ ಸೆಸಿಲನಿಗೆ ದೀರ್ಘ ಪತ್ರ ಬರೆದು ತನ್ನ ರಾಜನಿಷ್ಠೆಯನ್ನು ನಿವೇದಿಸಿಕೊಂಡ.

೧೫೯೭ರಲ್ಲಿ ಅವನ ಮೊದಲ ಗೀತಸಂಪುಟ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮುದ್ರಣವೇ ಒಂದು ಸೊಗಸು. ಒಂದೇ ಪುಟದಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಸ್ವರಗಳನ್ನು ಅಚ್ಚು ಹಾಕಿದ್ದರು. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೆ ಸುತ್ತ ಕುಳಿತವರೆಲ್ಲರೂ ತಮ್ಮ ತಮ್ಮ ಪಾಲನ್ನು ನೋಡಿಕೊಂಡು ಹಾಡಬಹುದಿತ್ತು. ಒಬ್ಬನೇ ಇದ್ದರೆ ಲ್ಯೂಟ್ ನುಡಿಸುತ್ತ ಹಾಡಿಕೊಳ್ಳಬಹುದು. ಈ ಪುಸ್ತಕ ಹಲವು ಬಾರಿ ಮರುಮುದ್ರಣ ಕಂಡಿತು.

ಆದರೂ ಆಸ್ಥಾನದ ಕರೆ ಬರಲಿಲ್ಲ. ೧೫೯೮ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಅವನಿಗೆ ವರ್ಷಕ್ಕೆ ೫೦೦ ಡಾಲರುಗಳ ಸಂಬಳ ಗೊತ್ತುಮಾಡಿದ. ಅದು ಅಲ್ಲಿಯ ನಾಣ್ಯ, ದೊಡ್ಡ ಮೊತ್ತವೇ. ೧೬೦೦ರ ಎರಡನೆಯ ಸಂಪುಟಕ್ಕೆ ಡೌಲಂಡ್ ಮುನ್ನುಡಿ ಬರೆದದ್ದು ಅಲ್ಲಿಯ ಹೆಲ್ಸಿಂಗೋರಿನಿಂದ. ಹ್ಯಾಮ್ಲೆಟ್ ನಾಟಕ ನಡೆಯುವ ಊರೇ ಅದು. ಗಂಡ ಕಳಿಸಿದ ಹಸ್ತಪ್ರತಿಯನ್ನು ಲಂಡನ್ನಿನಲ್ಲಿ ಪ್ರಕಾಶಕನಿಗೆ ಮಾರಿದವಳು ಅವನ ಹೆಂಡತಿ.

ಪ್ರಸಿದ್ಧವಾದ 'ಫ್ಲೋ ಮೈ ಟಿಯರ್ಸ್' ಇರುವುದು ಈ ಸಂಪುಟದಲ್ಲೇ. ಅದರ ಧಾಟಿ ಮೊದಲು ಬರಿಯ ಲ್ಯೂಟ್ ವಾದನವಾಗಿತ್ತು; ಮಾತು ಆಮೇಲೆ ಕೂಡಿತು. ಆರಂಭದಲ್ಲೇ ನಾಲ್ಕು ಸ್ವರಗಳು ಮೇಲಿನಿಂದ ಒಂದೊಂದಾಗಿ ಇಳಿಯುತ್ತವೆ, ಕೆನ್ನೆಯ ಮೇಲೆ ಕಂಬನಿ ಇಳಿದಂತೆ. ೧೬೦೪ರಲ್ಲಿ ಅದೇ ಧಾಟಿಯಿಂದ ಏಳು ವಾದ್ಯರಚನೆಗಳನ್ನು ಅವನು ಪ್ರಕಟಿಸಿದ. ಅದೇ ಪುಸ್ತಕದ ಇನ್ನೊಂದು ರಚನೆಗೆ 'ಸದಾ ಡೌಲಂಡ್, ಸದಾ ದುಃಖಿ' ಎಂಬರ್ಥದ ಲ್ಯಾಟಿನ್ ಹೆಸರಿಟ್ಟ.

ಇದೆಲ್ಲವೂ ಸ್ವಂತ ದುಃಖವೇ ಎನ್ನಲಾಗದು. ನಮ್ಮ ವೈದ್ಯರು ವಾತ, ಪಿತ್ತ, ಕಫ ಎಂದಂತೆ ಅಲ್ಲಿಯವರು ನಾಲ್ಕು ದೇಹರಸಗಳನ್ನು ಹೇಳುತ್ತಿದ್ದರು. ಕಪ್ಪು ಪಿತ್ತ ಹೆಚ್ಚಿದರೆ ವಿಷಾದ ಕವಿಯುವುದೆಂದು ನಂಬಿಕೆ. ಅದು ಕಾಯಿಲೆ, ಬುದ್ಧಿವಂತರ ಲಕ್ಷಣವೆಂದು ಒಂದು ಷೋಕಿಯೂ ಹೌದು.

೧೬೦೬ರಲ್ಲಿ ಡೆನ್ಮಾರ್ಕಿನ ಕೆಲಸ ಹೋಯಿತು. ಕೊನೆಗೆ ೧೬೧೨ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಜೇಮ್ಸ್ ದೊರೆಯ ಆಸ್ಥಾನದಲ್ಲಿ ಬಯಸಿದ ಹುದ್ದೆ ಸಿಕ್ಕಿತು. ಆ ವರ್ಷದ ಸಂಪುಟದಲ್ಲೇ, ಊರಿಗೆ ಮರಳಿದ ತನ್ನನ್ನು ಹೊಸ ತಲೆಮಾರಿನ ವಾದಕರು ಹಳಬನೆಂದು ಕಡೆಗಣಿಸುತ್ತಾರೆಂದು ನೊಂದುಕೊಂಡಿದ್ದಾನೆ. ಆಮೇಲೆ ಅವನು ರಚಿಸಿದ್ದು ತೀರ ಕಡಿಮೆ.

ಲ್ಯೂಟ್ ಕ್ರಮೇಣ ಮೂಲೆ ಸೇರಿತು. ಇಪ್ಪತ್ತನೆಯ ಶತಮಾನದಲ್ಲಿ ಜೂಲಿಯನ್ ಬ್ರೀಮ್‌ರಂಥವರು ಅದನ್ನು ಮತ್ತೆ ನುಡಿಸಿದಾಗ ಈ ಹಾಡುಗಳು ಹೊಸ ಕೇಳುಗರನ್ನು ಪಡೆದವು.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಅವನ ಪದವಿಗಿಂತ ಆ ಮೇಜೇ ಮನಸ್ಸಿನಲ್ಲಿ ಉಳಿಯುತ್ತದೆ. ಹಾಡು ಕಟ್ಟಿದವನು ಕಡಲಾಚೆ. ಅವನ ಪುಸ್ತಕ ಮಾತ್ರ ತಾಯ್ನಾಡಿನ ಮನೆಗಳಲ್ಲಿ ತೆರೆದಿದೆ, ಸುತ್ತ ಕುಳಿತವರು ಹಾಡುತ್ತಿದ್ದಾರೆ.